ಮನೆದೇವರಿಲ್ಲದ ಪಲ್ಜೋರ್

ಪಲ್ಜೋರನ ನಡಿಗೆ ನೋಡಿದವರಿಗೆ ಮೊದಲು ನಗು ಬರುತ್ತದೆ. ತುಂಬಿದ ಬಸುರಿ ಹೆಜ್ಜೆ ಇಟ್ಟ ಹಾಗೆ, ಒಂದು ಕಾಲನ್ನು ನೆಲಕ್ಕೆ ಪೂರ್ತಿ ಊರಿದ ಮೇಲೆಯೇ ಇನ್ನೊಂದನ್ನು ಎತ್ತುತ್ತಾನೆ. ಬೆಟ್ಟದ ನೆತ್ತಿಯ ಸೆರ್ಪೋ ಲಾ ಎಂಬ ಕಣಿವೆದಾರಿ ದಾಟಿಸುವವನು ಇವನೇನಾ ಎಂದು ಪಟ್ಟಣದಿಂದ ಚಾರಣಕ್ಕೆ ಬಂದವರು ನನ್ನ ಮುಖ ನೋಡುತ್ತಾರೆ. ಡ್ರಾಗ್‌ಕರ್ ಮಠದಲ್ಲಿ ಕೈಮುಗಿದು ಹೊರಟು, ನಮ್ಮ ಲುಂಗ್‌ಮರ್‌ನಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ಆ ಲಾ ಹತ್ತಿ ಇಳಿದು ಸ್ಕರ್‌ಲುಂಗ್ ಮಠ ಮುಟ್ಟಬೇಕೆಂದು ಬಂದವರು ಅವರು. ನಾನು ಉಪ್ಪು ಚಹಾ ಬಗ್ಗಿಸಿ, ರೊಟ್ಟಿ ಕಟ್ಟಿಕೊಟ್ಟು, ಹೋಗಿ ಬನ್ನಿ ಎನ್ನುತ್ತೇನೆ. ಅರ್ಧ ಏರು ಹತ್ತುವಷ್ಟರಲ್ಲಿ ನಗು ನಿಂತಿರುತ್ತದೆ. ಅವರು ಕಲ್ಲಿಗೆ ಒರಗಿ ಏದುಸಿರು ಬಿಡುತ್ತಿರುವಾಗ ಪಲ್ಜೋರ್ ಅದೇ ಹೆಜ್ಜೆಯಲ್ಲಿ, ಬಾಯಲ್ಲಿ ಮಂತ್ರ ಹೇಳಿಕೊಂಡು, ಎರಡು ಕುದುರೆಗಳನ್ನು ಹೊಡೆದುಕೊಂಡು ಪಕ್ಕದಲ್ಲೇ ಹಾದು ಹೋಗುತ್ತಾನೆ.

ನಾನು ಚೊರೊಲ್. ಆ ದಾರಿಯ ಮೇಲಿನ ಮನೆ ನನ್ನದು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಆದ್ದರಿಂದ ಮನೆ ನನಗೆ ಬಂತು, ಗಂಡ ಮನೆಅಳಿಯನಾಗಿ ಬಂದ. ಪಾಪದವನು, ಮಾತೆಲ್ಲ ನನಗೇ ಬಿಟ್ಟಿದ್ದಾನೆ. ಮಾಳಿಗೆಯ ಕೋಣೆಯಲ್ಲಿ ನಡೆದು ಬಂದವರನ್ನು ಇಳಿಸಿಕೊಳ್ಳಬಹುದು ಎಂದು ನನಗೆ ಹೇಳಿಕೊಟ್ಟವನೇ ಪಲ್ಜೋರ್. ಮೊದಲ ಗುಂಪನ್ನು ಕರೆತಂದು, "ಅಚೆ, ಇವರಿಗೆ ಬೆಣ್ಣೆ ಕಡಿಮೆ ಹಾಕು, ಹೊಟ್ಟೆ ತಡೆಯಲ್ಲ" ಎಂದು ನನ್ನ ಅಡುಗೆಮನೆಯಲ್ಲೇ ನಿಂತು ನನಗೆ ಪಾಠ ಮಾಡಿದ. ಅಚೆ ಅಂದರೆ ಅಕ್ಕ. ನಾನು ಅವನನ್ನು ನೋನೋ ಎನ್ನುತ್ತೇನೆ, ತಮ್ಮ ಎಂದು. ಈ ಮನೆಯ ಮಾಡು ಇವತ್ತು ಸೋರದೆ ನಿಂತಿದ್ದರೆ ಅದರಲ್ಲಿ ಅವನ ಪಾಲಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಒಂದು ಬೇಸಿಗೆಯಲ್ಲಿ ಸ್ಕರ್‌ಲುಂಗ್ ಮಠದ ಪೂಜೆಗೆ ನಾನೂ ಅವನ ಜೊತೆ ಹೊರಟೆ. ಊರಿನ ಮೇಲ್ಗಡೆ ಉದ್ದನೆಯ ಮಣಿ ಗೋಡೆ ಇದೆ, ಮಂತ್ರ ಕೆತ್ತಿದ ಕಲ್ಲುಗಳನ್ನು ಪೇರಿಸಿದ್ದು. ಅದನ್ನು ಬಲಗೈ ಕಡೆ ಬಿಟ್ಟುಕೊಂಡೇ ದಾಟಬೇಕು. ನಾವಿಬ್ಬರೂ ದಾಟಿದೆವು. ಅವನ ಕಂದು ಕುದುರೆ ಮುಗ್ಪೋ ಮಾತ್ರ ಹುಲ್ಲಿನ ಆಸೆಗೆ ಇನ್ನೊಂದು ಬದಿಯಿಂದ ಹೋಯಿತು. ಪಲ್ಜೋರ್ ಗೋಡೆಯ ಕೊನೆಯವರೆಗೆ ನಡೆದು, ಅದನ್ನು ಹಿಡಿದು, ಪೂರ್ತಿ ವಾಪಸ್ ತಂದು, ಮತ್ತೆ ಸರಿಯಾದ ಬದಿಯಿಂದ ದಾಟಿಸಿದ.

"ನೋನೋ, ಕುದುರೆಗೆ ಯಾವ ಮೋಕ್ಷ ಬೇಕಾಗಿದೆ? ಬಿಸಿಲು ಏರ್ತಾ ಇದೆ, ನಡಿ" ಎಂದೆ.

"ಎರಡೂ ಮಠದ ದೀಪಕ್ಕೆ ಬೆಣ್ಣೆ ಹೊತ್ತಿದ್ದು ಯಾರು ಅಚೆ? ನಾನಾ, ಅದಾ?"

"ಅದೇ."

"ಮತ್ತೆ ಪುಣ್ಯ ಯಾರದು? ನಾನು ಬರೀ ಬಾಲದ ಹಿಂದೆ ಬಂದೋನು. ಅದು ತಪ್ಪು ಬದಿಗೆ ಹೋದ್ರೆ ಇಬ್ಬರದೂ ಹೋಯ್ತು."

ಲಾ ನೆತ್ತಿ ಮುಟ್ಟಿದಾಗ ಎಲ್ಲರ ಹಾಗೆ ನಾವೂ ಕಲ್ಲುಗುಪ್ಪೆಗೆ ಒಂದೊಂದು ಕಲ್ಲು ಸೇರಿಸಿ "ಕಿ ಕಿ ಸೋ ಸೋ ಲ್ಹಾ ಗ್ಯಾಲೋ" ಎಂದು ದೇವತೆಗಳಿಗೆ ಜಯ ಕೂಗಿದೆವು. ಆಮೇಲೆ ಪ್ರತಿಯೊಬ್ಬರೂ ಮನಸ್ಸಿನಲ್ಲೇ ತಮ್ಮ ಮನೆದೇವರನ್ನು ನೆನೆಯುತ್ತಾರೆ. ನಾನು ಕಣ್ಣು ಬಿಟ್ಟರೂ ಅವನಿನ್ನೂ ಕಣ್ಣು ಮುಚ್ಚಿಕೊಂಡಿದ್ದ.

"ಅಷ್ಟು ಹೊತ್ತು ಯಾರನ್ನ ಬೇಡ್ಕೊಂಡೆ?"

"ಇಲ್ಲಿ ಇರೋರನ್ನೆಲ್ಲಾ. ನನಗೇ ಅಂತ ಒಬ್ರು ಇಲ್ವಲ್ಲ ಅಚೆ, ಅದಕ್ಕೇ ಎಲ್ರಿಗೂ ಹೇಳ್ಬಿಡ್ತೀನಿ. ಸ್ವಲ್ಪ ಹೊತ್ತು ಹಿಡಿಯುತ್ತೆ."

ಆ ನೆತ್ತಿಯಿಂದ ಹಿಂದೆ ನೋಡಿದರೆ ಡ್ರಾಗ್‌ಕರ್ ಮಠ, ಮುಂದೆ ನೋಡಿದರೆ ಸ್ಕರ್‌ಲುಂಗ್. ಎರಡೂ ಬಂಡೆಗೆ ಅಂಟಿಕೊಂಡ ಬಿಳಿ ಚುಕ್ಕೆಗಳು. ಅವನು ಎರಡು ಕಡೆಗೂ ಕೈ ಮುಗಿದ. "ಎರಡು ಮಠದ ನಡುವೆ ಓಡಾಡ್ಕೊಂಡೇ ಹೊಟ್ಟೆ ತುಂಬುತ್ತೆ ಅಂದ್ರೆ ನಾನು ಏನು ಪುಣ್ಯ ಮಾಡಿದ್ದೆನೋ" ಎಂದ. ಅದು ಬಾಯಿಮಾತಿಗೆ ಹೇಳಿದ್ದಲ್ಲ. ಪ್ರತಿ ಸಲ ಅಲ್ಲಿ ನಿಂತು ಅದನ್ನೇ ಹೇಳುತ್ತಾನಂತೆ, ಯಾರೂ ಜೊತೆಯಲ್ಲಿ ಇಲ್ಲದಿದ್ದರೂ.

ಅವನು ನೇಪಾಳದ ಹುಮ್ಲಾ ಕಡೆಯವನು. ಲಡಾಖಿಗೆ ಬಂದದ್ದು ರಸ್ತೆಗೆ ಜಲ್ಲಿ ಒಡೆಯುವ ಗುಂಪಿನ ಜೊತೆ. ನಮ್ಮೂರಿನ ಕುದುರೆಯವನೊಬ್ಬ, ಹಿಂದೆ ಮುಂದೆ ಯಾರೂ ಇಲ್ಲದ ಮುದುಕ, ಇವನನ್ನು ಜೊತೆಗೆ ಇಟ್ಟುಕೊಂಡ. ಸಾಯುವಾಗ ಕುದುರೆಗಳನ್ನು ಇವನಿಗೇ ಬಿಟ್ಟ. ಆಮೇಲೆ ಪಲ್ಜೋರ್ ಊರಿನ ಕೆಳಗೆ, ತೊರೆಯ ಆಚೆ ದಡದಲ್ಲಿ, ತಾನೇ ಇಟ್ಟಿಗೆ ಹಾಕಿ ಒಣಗಿಸಿ ಎರಡು ಕೋಣೆಯ ಮನೆ ಕಟ್ಟಿಕೊಂಡ. ಊರಿನಲ್ಲಿ ಯಾರ ಗೋಡೆ ಬಿದ್ದರೂ, ಯಾರ ಹಸು ತಪ್ಪಿಸಿಕೊಂಡರೂ ಮೊದಲು ಕೂಗುವುದು ಅವನನ್ನು. ಎಲ್ಲರಿಗೂ ಬೇಕಾದವನು, ಆದರೆ ಯಾರ ಫಸ್ಪುನ್‌ಗೂ ಸೇರಿದವನಲ್ಲ.

ಒಂದೇ ಮನೆದೇವರನ್ನು ಪೂಜಿಸುವ ಮನೆಗಳ ಕೂಟಕ್ಕೆ ನಾವು ಫಸ್ಪುನ್ ಎನ್ನುತ್ತೇವೆ. ನಮ್ಮದು ನಾಲ್ಕು ಮನೆ. ಮಗು ಹುಟ್ಟಿದರೆ ಬಾಣಂತಿಗೆ ಊಟ ತರುವವರು ಅವರು. ಪುರುಡು ಕಳೆಯುವ ತನಕ ಬೇರೆ ಯಾರೂ ಆ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ. ಸತ್ತರೆ ಹೆಣವನ್ನು ಕೂರಿಸಿ ಕಟ್ಟುವವರು, ಹೊರುವವರು, ಸುಡುವವರು ಅವರೇ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಕೂಡ ಮುಟ್ಟುವ ಹಾಗಿಲ್ಲ. ಹೊಸ ವರ್ಷಕ್ಕೆ ಎಲ್ಲ ಫಸ್ಪುನ್‌ಗಳೂ ತಮ್ಮ ತಮ್ಮ ದೇವರ ಗೂಡಿಗೆ ಹೋಗಿ ಹಳೆಯ ಧೂಪದ ಗಿಡದ ಕೊಂಬೆಗಳನ್ನು ತೆಗೆದು ಹೊಸವನ್ನು ಕಟ್ಟುವ ದಿನ, ಪಲ್ಜೋರ್ ಬೆಳಿಗ್ಗೆಯೇ ಕುದುರೆ ಹೊಡೆದುಕೊಂಡು ಬೆಟ್ಟಕ್ಕೆ ಹೋಗಿಬಿಡುತ್ತಿದ್ದ. ಆ ಚಳಿಯಲ್ಲಿ ಬೆಟ್ಟದ ಮೇಲೆ ಕುದುರೆಗೆ ಮೇಯಲು ಏನೂ ಇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ.

ಅಂಥವನನ್ನು ಮೆಚ್ಚಿ ಮದುವೆಯಾದವಳು ಕುಂಜೆಸ್. ಸ್ಕರ್‌ಲುಂಗ್ ಮಠದ ಕೆಳಗಿನ ಊರಿನ ಹುಡುಗಿ. ಹುಡುಗಿಯ ತಾಯಿ ಒಪ್ಪಲಿಲ್ಲ. ಗಂಡು ಬಡವ ಎಂದಾಗಲಿ, ಹೊರದೇಶದವನು ಎಂದಾಗಲಿ ಆಕೆ ಗೊಣಗಲಿಲ್ಲ. ಮದುವೆಯಾದ ಹೆಣ್ಣು ತವರಿನ ಫಸ್ಪುನ್ ಬಿಟ್ಟು ಗಂಡನದಕ್ಕೆ ಸೇರುತ್ತಾಳೆ. ಇವನಿಗೆ ಅದೇ ಇಲ್ಲವಲ್ಲ. ತಾಯಿ ಆಡಿದ ಮಾತನ್ನು ಕುಂಜೆಸ್ ನನಗೆ ನಗುತ್ತಲೇ ಹೇಳಿದಳು, ನಮ್ಮ ಒಲೆಯ ಮುಂದೆ ಕೂತು.

"'ಹೆತ್ತಾಗ ನಿನ್ನ ಬಾಗಿಲು ಯಾರೇ ತಟ್ತಾರೆ? ಸತ್ತಾಗ ಯಾರೇ ಹೊರ್ತಾರೆ? ಕುದುರೆನಾ?' ಅಂದ್ಲು ಅಚೆ, ನನ್ನಮ್ಮ."

"ನೀನೇನಂದೆ?"

"ಕುದುರೆ ಚೆನ್ನಾಗೇ ಹೊರುತ್ತೆ ಅಂದೆ."

ನಾನೂ ನಕ್ಕೆ. ಆದರೆ ಆ ತಾಯಿಯ ಮಾತನ್ನು ಮರೆಯಲಿಲ್ಲ. ಅವಳು ಬಸುರಿ ಎಂದು ಗೊತ್ತಾದ ವಾರವೇ ನಾನು ಮೇಮೆ ಇಶೆಯವರ ಮನೆಗೆ ಹೋದೆ. ನಮ್ಮ ನಾಲ್ಕು ಮನೆಗೆ ಹಿರಿಯರು ಅವರು, ಮೇಮೆ ಎಂದರೆ ಅಜ್ಜ. ಊರಿನ ಎಲ್ಲರಿಗೂ ಅಜ್ಜ, ಎಲ್ಲರ ಮೇಲೂ ಸಿಡುಕು. ಪಲ್ಜೋರನನ್ನು ನಮ್ಮ ಜೊತೆ ಸೇರಿಸಿಕೊಳ್ಳೋಣ ಎಂದೆ.

"ದೇವರ ಗೂಡು ಅಂದ್ರೆ ನಿನ್ನ ಮಾಳಿಗೆ ಕೋಣೆ ಅಂದ್ಕೊಂಡ್ಯಾ ಚೊರೊಲ್, ಬಂದೋರಿಗೆಲ್ಲಾ ಹಾಸಿಗೆ ಹಾಸೋಕೆ?"

"ಬಂದೋನಲ್ಲ ಮೇಮೆ, ಇಲ್ಲೇ ಇರೋನು."

"ಇರೋ ತನಕ ಇರ್ತಾನೆ. ಎರಡು ಕುದುರೆ ಬಿಟ್ಟು ಅವನಿಗೆ ಇಲ್ಲಿ ಏನಿದೆ? ನಾಳೆ ಎದ್ದು ಹುಮ್ಲಾಗೆ ಹೋದ್ರೆ? ನನ್ನನ್ನ ಹೊರೋ ಹೊತ್ತಿಗೆ ಒಂದು ಹೆಗಲು ಕಡಿಮೆ ಆದ್ರೆ ನೀನು ಕೊಡ್ತೀಯಾ ಹೆಗಲು?"

"ಕೊಡ್ತೀನಿ."

"ಹೆಂಗಸರು ಹೊರೋದಿಲ್ಲ. ಚಹಾ ಕುಡ್ಕೊಂಡು ಹೋಗು."

ಚಹಾ ಕುಡಿಯದೆ ಎದ್ದು ಬಂದೆ. ನಮ್ಮಲ್ಲಿ ಅದು ಬೈದದ್ದಕ್ಕಿಂತ ಹೆಚ್ಚು. ಆದರೆ ಹಿರಿಯರು ಒಪ್ಪದೆ ಫಸ್ಪುನ್‌ನಲ್ಲಿ ಏನೂ ಆಗುವುದಿಲ್ಲ. ನಾನೊಬ್ಬಳೇ ಪುರುಡಿನ ಮನೆಗೆ ಹೋದರೆ ಆ ಮೈಲಿಗೆ ನಾಲ್ಕೂ ಮನೆಗೆ ತಗಲುತ್ತದೆ, ಹೊಲಕ್ಕೆ ಆಲಿಕಲ್ಲು ಬಿದ್ದರೆ ಜನ ನನ್ನ ಕಡೆ ಬೆರಳು ತೋರಿಸುತ್ತಾರೆ.

ಮೇಮೆ ಇಶೆಗೆ ಒಬ್ಬರು ಸೋದರತ್ತೆ ಇದ್ದರು, ಛೊಮೊ ಯಾಂಗ್‌ಜಿನ್, ಸನ್ಯಾಸಿನಿ. ಊರಿನ ನೆತ್ತಿಯ ಮೇಲೆ ಒಂದು ಪುಟ್ಟ ಕೋಣೆಯಲ್ಲಿ ಇದ್ದರು. ಕಿವಿ ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ಚುರುಕು. ಮೇಮೆ ಇಶೆಯನ್ನು ಊರಿನಲ್ಲಿ ಹುಡುಗ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಆ ಶರತ್ಕಾಲದಲ್ಲಿ, ಸ್ಕರ್‌ಲುಂಗ್ ಮಠದಲ್ಲಿ ಇನ್ನೊಂದು ಸಲ ದೀಪ ಹಚ್ಚಬೇಕು ಎಂದು ಹಟ ಹಿಡಿದರು.

"ಈ ವಯಸ್ಸಲ್ಲಿ ಲಾ ಹತ್ತೋದಾ ಅತ್ತೆ?" ಎಂದು ಮೇಮೆ ಕಿರುಚಿದರು.

"ಹತ್ತೋದು ಕುದುರೆ. ನಾನು ಕೂತಿರ್ತೀನಿ. ನಿನಗೇನು ಕಷ್ಟ ಹುಡುಗಾ?"

ಕೊನೆಗೆ ಮೇಮೆಯೇ ಸೋತು ಪಲ್ಜೋರನಿಗೆ ಹೇಳಿ ಕಳಿಸಿದರು. ಅವನು ಮುಗ್ಪೋನ ಬೆನ್ನಿಗೆ ಎರಡು ಕಂಬಳಿ ಹೆಚ್ಚು ಹಾಕಿ, ಛೊಮೊ ಅವರನ್ನು ಮಗುವಿನ ಹಾಗೆ ಎತ್ತಿ ಕೂರಿಸಿಕೊಂಡು ಹೊರಟ. ಹೋಗುವಾಗ ಎಲ್ಲ ಮಣಿ ಗೋಡೆಗಳಲ್ಲೂ ಇಳಿಸು ಎಂದರಂತೆ, ಪ್ರತಿ ಗೋಡೆಯನ್ನೂ ಅವನ ತೋಳು ಹಿಡಿದು ನಡೆದೇ ದಾಟಿದರಂತೆ. ಮಠದಲ್ಲಿ ದೀಪ ಹಚ್ಚಿದರು. ಲಾಮಾಗಳ ಜೊತೆ ಜಗಳವಾಡಿ ಇನ್ನಷ್ಟು ಬೆಣ್ಣೆ ಹಾಕಿಸಿದರು. ಎರಡು ದಿನ ಇದ್ದು ಮರಳಿ ಹೊರಟರು.

ಲಾ ದಾಟುವ ಮೊದಲೇ ಆ ವರ್ಷದ ಮೊದಲ ಹಿಮ ಸುರಿಯಿತು. ನೆತ್ತಿಯ ಆ ಕಡೆ ಕುರಿಗಾಹಿಗಳ ಕಲ್ಲಿನ ಗೂಡೊಂದಿದೆ. ಅಲ್ಲಿ ಅವರನ್ನು ಇಳಿಸಿ ಒಲೆ ಹಚ್ಚಿ ಚಹಾ ಮಾಡಿದ. ಛೊಮೊ ಯಾಂಗ್‌ಜಿನ್ ಅರ್ಧ ಬಟ್ಟಲು ಕುಡಿದು, ಚೆನ್ನಾಗಿದೆ ಎಂದು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

ಅಲ್ಲಿಂದ ಮುಂದಿನದನ್ನು ಪಲ್ಜೋರ್ ಒಂದೇ ಸಲ ಹೇಳಿದ್ದು, ನನ್ನ ಅಡುಗೆಮನೆಯಲ್ಲಿ. ಸತ್ತವರ ಪ್ರಾಣ ತಲೆಯ ನೆತ್ತಿಯಿಂದ ಹೋಗಬೇಕು. ಲಾಮಾ ಬಂದು ನೆತ್ತಿ ಮುಟ್ಟಿ ಮಂತ್ರ ಹೇಳುವ ತನಕ ಯಾರೂ ಮೈಗೆ ಕೈ ಹಚ್ಚಬಾರದು, ಆಮೇಲೂ ಫಸ್ಪುನ್ ಮಾತ್ರ ಹಚ್ಚಬೇಕು. ಇದು ಅವನಿಗೆ ಗೊತ್ತಿಲ್ಲದ್ದಲ್ಲ.

"ಊರಿಗೆ ಇಳಿದು ನಿಮ್ಮನ್ನೆಲ್ಲಾ ಕರ್ಕೊಂಡು ಬರೋ ಅಷ್ಟರಲ್ಲಿ ಲಾ ಮುಚ್ಚಿರೋದು ಅಚೆ. ಆ ಗೂಡಿಗೆ ಬಾಗಿಲಿಲ್ಲ. ಹೊರಗಡೆ ತೋಳದ ಹೆಜ್ಜೆ ಇತ್ತು. ಏನು ಮಾಡ್ಲಿ? ಮೊದಲು ನೆತ್ತಿ ಮೇಲೆ ಕೈ ಇಟ್ಟೆ. ನನಗೆ ಬರೋದು ಒಂದೇ ಮಂತ್ರ, ಅದನ್ನೇ ಹೇಳಿದೆ, ತುಂಬಾ ಹೊತ್ತು ಹೇಳಿದೆ. ಆಮೇಲೆ ಕೂರಿಸಿ ಕಟ್ಟಿದೆ."

"ಕುದುರೆ ಮೇಲೆ ಹಾಕ್ಬಹುದಿತ್ತಲ್ಲ?"

"ಕುದುರೆ ಮೇಲೆ ಮೂಟೆ ಹಾಕ್ತಾರೆ. ಹೋದೋರನ್ನ ಮನುಷ್ಯರೇ ಹೊರ್ಬೇಕು."

ಬೆನ್ನ ಮೇಲೆ ಹೊತ್ತು, ಮೊಣಕಾಲು ಮುಳುಗುವ ಹಿಮದಲ್ಲಿ ಲಾ ಹತ್ತಿ ಇಳಿದ. ಸಂಜೆ ನಾವು ಅವನನ್ನು ಕಂಡದ್ದು ಊರ ಮೇಲಿನ ಮಣಿ ಗೋಡೆಯ ಹತ್ತಿರ. ಗೋಡೆಯ ಒಂದು ಬದಿಯಲ್ಲಿ ಗಾಳಿ ಹಿಮವನ್ನು ಗುಡಿಸಿ ದಾರಿ ಖಾಲಿ ಮಾಡಿತ್ತು, ಅವನು ಮಾತ್ರ ಹಿಮ ತುಂಬಿದ ಬದಿಯಿಂದ ಬರುತ್ತಿದ್ದ. ಬಲಗೈ ಕಡೆ ಗೋಡೆ ಇರಬೇಕಲ್ಲ. ನನ್ನ ಗಂಡ ಓಡಿ ಹೋಗಿ ಕುದುರೆಗಳನ್ನು ಹಿಡಿದ. ಪಲ್ಜೋರನ ತುಟಿ ನೀಲಿಯಾಗಿತ್ತು, ಕಣ್ಣ ರೆಪ್ಪೆಯ ಮೇಲೆ ಮಂಜು ಕಟ್ಟಿತ್ತು.

ಮೇಮೆ ಇಶೆ ಅತ್ತೆಯ ಮುಖ ನೋಡಿದರು. ಆಮೇಲೆ ಅವನ ಕಡೆ ತಿರುಗಿದರು.

"ಯಾರು ಹೇಳಿದ್ರು ಮುಟ್ಟು ಅಂತ?"

ಪಲ್ಜೋರ್ ಎದೆಯ ಮೇಲಿನ ಹಗ್ಗದ ಗಂಟಿಗೆ ಕೈ ಹಾಕಿದ.

"ನೀನೇನು ಲಾಮಾನಾ? ನಮ್ಮ ಫಸ್ಪುನಾ? ನನ್ನತ್ತೆ ದಾರಿ ತಪ್ಪಿದ್ರೆ ಯಾರು ಹೊಣೆ?"

ದುಃಖಕ್ಕೆ ಆಡಿದ ಮಾತು ಅದು, ನನಗೆ ಅರ್ಥವಾಗುತ್ತದೆ. ಆದರೂ ಆ ಹೊತ್ತಿನಲ್ಲಿ ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಗಂಡ ನನ್ನ ತೋಳು ಹಿಡಿದ. ಪಲ್ಜೋರ್ ಹಗ್ಗ ಬಿಚ್ಚಿ, ಛೊಮೊ ಅವರನ್ನು ಮೆಲ್ಲಗೆ ನಮ್ಮವರ ಕೈಗೆ ಒಪ್ಪಿಸಿ, ತೊರೆ ದಾಟಿ ತನ್ನ ಮನೆಗೆ ಹೋದ. ಸುಡುವ ದಿನ ನಮ್ಮ ನಾಲ್ಕು ಮನೆಯ ಗಂಡಸರು ಹೊತ್ತರು. ಅವನು ತೊರೆಯ ಆಚೆ ದಡದಲ್ಲಿ ಟೋಪಿ ಕೈಯಲ್ಲಿ ಹಿಡಿದು, ಹೊಗೆ ಅಡಗುವ ತನಕ ನಿಂತಿದ್ದ.

ಕ್ರಿಯೆ ಮಾಡಿಸಲು ಡ್ರಾಗ್‌ಕರ್ ಮಠದಿಂದ ಬಂದ ಲಾಮಾನನ್ನು ಮೇಮೆ ಕೇಳಿದರು, ಹೊರಗಿನವನು ಮುಟ್ಟಿದ್ದಕ್ಕೆ ಅತ್ತೆಗೆ ದೋಷ ಇದೆಯೇ ಎಂದು. ಲಾಮಾ ಇನ್ನೂ ಹರೆಯದವರು, ಆದರೆ ಮುದುಕರ ಹಾಗೆ ಯೋಚಿಸಿ ಮಾತಾಡುವವರು.

"ಹೊರಗಿನೋನು ಮುಟ್ಟಿದ್ರೆ ದೋಷ ಅಂತ ಇದೆ ಮೇಮೆ. ಅದಕ್ಕೆ ಪೂಜೆನೂ ಇದೆ, ಮಾಡಿಸೋಣ. ಆದ್ರೆ ಅವನು ಹೊರಗಿನೋನಾ ಅಲ್ವಾ ಅನ್ನೋದು ಗ್ರಂಥದಲ್ಲಿ ಬರೆದಿಲ್ಲ. ಅದನ್ನ ನೀವು ಹೇಳ್ಬೇಕು."

ಮೇಮೆ ಪೂಜೆ ಮಾಡಿಸಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಲಾಮಾ ಉಳಿದ ಕ್ರಿಯೆ ಮುಗಿಸಿ ಹೋದರು. ಆ ಶರತ್ಕಾಲವೆಲ್ಲ ಮೇಮೆ ಬಿಸಿಲಿಗೆ ಕೂತು ಮಾಲೆ ತಿರುಗಿಸುತ್ತ ತೊರೆಯ ಆಚೆ ನೋಡುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಬೈಯುತ್ತಿದ್ದರು.

ಕುಂಜೆಸ್ ಹೆತ್ತದ್ದು ನಡು ಚಳಿಗಾಲದಲ್ಲಿ. ಲಾ ಮುಚ್ಚಿತ್ತು, ಅವಳ ತಾಯಿ ಬರುವ ಮಾತೇ ಇರಲಿಲ್ಲ. ನರ್ಸ್ ಬಂದು ಹೆರಿಗೆ ಮಾಡಿಸಿ ಹೋದಳು. ಅವಳು ಸರ್ಕಾರದವಳು, ಅವಳಿಗೆ ಪುರುಡಿಲ್ಲ. ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ, ಬಾಣಂತಿ ಮಾತ್ರ ನಿತ್ರಾಣವಾಗಿದ್ದಾಳೆ, ಬಿಸಿಯಾದದ್ದು ಹೊಟ್ಟೆಗೆ ಹೋಗಬೇಕು ಎಂದು ನನ್ನ ಬಾಗಿಲಲ್ಲಿ ನಿಂತು ಹೇಳಿದಳು. ಹೇಳಿದ್ದು ನನಗೇ ಏಕೆ ಎಂದು ಅವಳಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಹಿಮ ಗುಡಿಸಲು ಹತ್ತಿದವಳು ಕೆಳಗೆ ನೋಡಿದೆ. ಪಲ್ಜೋರ್ ತನ್ನ ಮಾಡಿನ ಮೇಲೆ ನಿಂತು ಹಿಮವನ್ನು ಕೆರೆದು ಪಾತ್ರೆಗೆ ತುಂಬುತ್ತಿದ್ದ. ಕೆಳಗಿಳಿಯುವುದು, ಕರಗಿಸುವುದು, ಮತ್ತೆ ಹತ್ತುವುದು. ಒಂದು ಪಾತ್ರೆ ಹಿಮ ಕರಗಿದರೆ ಎಷ್ಟು ನೀರಾಗುತ್ತದೆ ಎಂದು ಚಳಿಗಾಲ ಕಂಡವರಿಗೆ ಗೊತ್ತು. ಊರಿನ ಒರತೆ ಅವನ ಮನೆಯಿಂದ ಕೂಗಳತೆಯಷ್ಟೂ ದೂರವಿಲ್ಲ, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಆದರೆ ಪುರುಡಿನ ಮನೆಯವರು ಒರತೆಯ ಹತ್ತಿರ ಸುಳಿದರೆ ನೀರಿನ ನಾಗಗಳು ಮುನಿಯುತ್ತವೆ, ಇಡೀ ಊರಿಗೆ ಕೇಡು. ಅದಕ್ಕೇ ನೀರು ಕೂಡ ಫಸ್ಪುನ್‌ನವರು ತಂದು ಕೊಡುವುದು. ಹೋಗಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಮ್ಮ ಹೊಲಗಳಿಗೆ ಕೆಡುಕಾಗದಿರಲಿ ಎಂದು ಅವನೇ ಮಾಡಿನ ಹಿಮ ಕೆರೆಯುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಪೊರಕೆ ಅಲ್ಲೇ ಬಿಸಾಕಿ ನೇರ ಮೇಮೆ ಇಶೆಯವರ ಮನೆಗೆ ನಡೆದೆ. ಇವತ್ತು ಚಹಾ ಅಲ್ಲ, ಅವರ ಒಲೆಯನ್ನೇ ಒದ್ದು ಬರುತ್ತೇನೆ ಎಂದುಕೊಂಡೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ, ಒಳ್ಳೆಯ ಮಾತುಗಳು, ಇವತ್ತಿಗೂ ನೆನಪಿವೆ. ಅಡುಗೆಮನೆಯ ಬಾಗಿಲು ತಳ್ಳಿದರೆ ಮೇಮೆ ಸೊಸೆಯನ್ನು ಬೈಯುತ್ತಿದ್ದರು.

"ಬಾಣಂತಿಗೆ ಕೊಡೋ ಹಿಟ್ಟಿಗೆ ಇಷ್ಟೇನಾ ಬೆಣ್ಣೆ? ನಿನ್ನ ಹೆರಿಗೆಲಿ ನಮ್ಮವರು ಇಷ್ಟೇ ಹಾಕಿದ್ರಾ? ಆ ಇಡೀ ಉಂಡೆ ಹಾಕು."

ಒಲೆಯ ಮೇಲೆ ಬಾರ್ಲಿ ಹಿಟ್ಟಿನ ಮುದ್ದೆ ಬೇಯುತ್ತಿತ್ತು, ಸುತ್ತ ಬೆಣ್ಣೆ ಕರಗಿ ತೇಲುತ್ತಿತ್ತು. ಹೊಸ್ತಿಲಲ್ಲಿ ನಿಂತುಬಿಟ್ಟೆ.

"ಏನು ಬಾಯಿ ಬಿಟ್ಕೊಂಡು ನಿಂತೆ? ಜಗಳಕ್ಕೆ ಬಂದ್ಯಾ?"

"ಹೂಂ."

"ನಾಳೆ ಬಾ. ಈಗ ಪುರುಸೊತ್ತಿಲ್ಲ."

"ಮೇಮೆ, ಇದು ಯಾರ ಮನೆಗೆ?"

ಅವರು ನನ್ನ ಕಡೆ ನೋಡಲಿಲ್ಲ. ಸೌಟು ತೆಗೆದುಕೊಂಡು ತಾವೇ ಕಲಕತೊಡಗಿದರು.

"ಎಷ್ಟು ದಿನ ಯೋಚನೆ ಮಾಡಿದೆ ಗೊತ್ತಾ? ಅವನು ಹೊರಗಿನೋನು ಅಂತ ನಾನು ಹೇಳಿದ್ರೆ ನನ್ನತ್ತೆನ ಹೊರಗಿನೋನು ಮುಟ್ಟಿದ ಹಾಗಾಯ್ತು. ಅವಳಿಗೆ ದೋಷ. ನಮ್ಮೋನು ಅಂತ ಹೇಳಿದ್ರೆ, ಫಸ್ಪುನ್ ಬಂದು ಕೂರಿಸಿ ಕಟ್ಟಿ ಹೊತ್ತು ತಂದ ಹಾಗಾಯ್ತು. ಎಲ್ಲಾ ಸರಿಯಾಯ್ತು." ಸ್ವಲ್ಪ ಹೊತ್ತು ಕಲಕಿದರು. "ನನ್ನನ್ನ ಎತ್ತಿ ಆಡಿಸಿದವಳು ಅವಳು. ಆ ಹಿಮದಲ್ಲಿ ನಾನಿದ್ದಿದ್ರೆ ಹೊತ್ಕೊಂಡು ಬರ್ತಿದ್ನಾ ಅಂತ ಕೇಳ್ಕೊಂಡೆ ಚೊರೊಲ್. ಗೂಡಲ್ಲೇ ಬಿಟ್ಟು ಇಳಿದು ಬರ್ತಿ‌ದ್ದೆ."

"ದೇವರನ್ನ ಕೇಳಿದ್ರಾ?"

"ಬೆಳಿಗ್ಗೆನೇ ಹೋಗಿ ಧೂಪ ಹಾಕಿ ಕೇಳಿದೆ. ಬೇಡ ಅನ್ನಲಿಲ್ಲ. ನೀನು ಹೋಗಿ ಒರತೆಯಿಂದ ನೀರು ತುಂಬ್ಕೊಂಡು ಬಾ. ಉಳಿದ ಎರಡು ಮನೆಗೂ ಹೇಳ್ಬಿಡು, ಬೆರಣಿ ತರ್ಲಿ. ಆ ಮನೆಯಲ್ಲಿ ಹೊಗೆ ಸಣ್ಣಗೆ ಬರ್ತಿದೆ, ನಾನು ನೋಡ್ತಾನೇ ಇದ್ದೀನಿ."

ನಾಲ್ಕೂ ಮನೆಯವರು ತೊರೆ ದಾಟಿದೆವು. ಮುಂದೆ ಮೇಮೆ, ಕೋಲೂರಿಕೊಂಡು, ಜಾರಿದಾಗಲೆಲ್ಲ ಹಿಮವನ್ನು ಬೈದುಕೊಂಡು. ಅವರ ಹಿಂದೆ ಸೊಸೆ, ಬಿಸಿ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು. ನನ್ನ ಬೆನ್ನ ಮೇಲೆ ನೀರಿನ ಕೊಡ. ಪಲ್ಜೋರ್ ನಮ್ಮನ್ನು ಮಾಡಿನ ಮೇಲಿಂದಲೇ ಕಂಡ. ಕೈಯಲ್ಲಿದ್ದ ಪಾತ್ರೆ ಇಟ್ಟು ಇಳಿದು ಓಡಿ ಬಂದು ಹೊಸ್ತಿಲಿಗೆ ಅಡ್ಡ ನಿಂತ.

"ಬರ್ಬೇಡಿ ಮೇಮೆ, ಪುರುಡು. ಅಲ್ಲೇ ಕಲ್ಲಿನ ಮೇಲೆ ಇಡಿ, ನಾನು ತಗೊಳ್ತೀನಿ. ನಿಮಗೆಲ್ಲಾ ಮೈಲಿಗೆ ಆಗುತ್ತೆ."

"ನಮ್ಮನೆ ಪುರುಡಿಗೆ ನಾವು ಬರದೆ ಇನ್ಯಾರು ಬರ್ತಾರೆ? ಸರಿ ಆ ಕಡೆ, ಆರಿ ಹೋಗುತ್ತೆ."

ಅವನು ಸರಿಯಲಿಲ್ಲ. ಹಟಕ್ಕಲ್ಲ, ಮಾತು ಅವನ ತಲೆಯೊಳಗೆ ಇಳಿದಿರಲಿಲ್ಲ. ಒಬ್ಬೊಬ್ಬರ ಮುಖವನ್ನೇ ನೋಡಿದ. ನನ್ನ ಕಡೆ ನೋಡಿದಾಗ ನಾನು ತಲೆಯಾಡಿಸಿದೆ. ಆಗ ಅವನು ಗೋಡೆ ಹಿಡಿದುಕೊಂಡು ಪಕ್ಕಕ್ಕೆ ಸರಿದ. ಮೇಮೆ ಇಶೆ ತಲೆಬಾಗಿಲಲ್ಲಿ ತಗ್ಗಿ ಒಳಗೆ ಹೋದರು. ಅವರ ಹಿಂದೆ ನಾವೆಲ್ಲರೂ.

ಕುಂಜೆಸ್ ಒಲೆಯ ಪಕ್ಕದಲ್ಲಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಏಳಲು ಹೋದವಳನ್ನು ಮೇಮೆಯ ಸೊಸೆ ಭುಜ ಹಿಡಿದು ಕೂರಿಸಿ, ಪಾತ್ರೆ ಬಿಚ್ಚಿ, ಬೆಣ್ಣೆ ಸುರಿಯುವ ಮುದ್ದೆಯನ್ನು ಬಟ್ಟಲಿಗೆ ಹಾಕಿ ಕೊಟ್ಟಳು. ನಾನು ಒಲೆಗೆ ಬೆರಣಿ ಒಡ್ಡಿದೆ. ಅಷ್ಟು ಹಸಿದಿದ್ದರೂ ಕುಂಜೆಸ್ ಬಾಯಿಗಿಡಲಿಲ್ಲ. ಮೊದಲ ತುತ್ತನ್ನು ಮುರಿದು ಬೆರಳಲ್ಲಿ ಹಿಡಿದುಕೊಂಡಳು. ಬಾಣಂತಿಯ ಮೊದಲ ತುತ್ತು ಮನೆದೇವರಿಗೆ.

"ಮೇಮೆ" ಎಂದಳು, "ನಮ್ಮ ದೇವರ ಹೆಸರೇನು?"

ನಾನು ಹುಟ್ಟಿದಾಗಿನಿಂದ ಅಂಥ ಪ್ರಶ್ನೆ ಕೇಳಿದವರನ್ನು ಕಂಡಿರಲಿಲ್ಲ. ನಮಗೆ ಆ ಹೆಸರು ತಾಯಿಹಾಲಿನ ಜೊತೆ ಬಂದದ್ದು, ಹೊರಗಿನವರ ಮುಂದೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೇಮೆ ಇಶೆ ಮಂಡಿಯೂರಿ ಕೂತು, ಟೋಪಿ ತೆಗೆದು, ಮೊದಲು ಮಗುವಿನ ಕಿವಿಯ ಹತ್ತಿರ ಬಗ್ಗಿ ಹೇಳಿದರು. ಆಮೇಲೆ ಕುಂಜೆಸ್‌ಗೆ ಹೇಳಿದರು. ಆಮೇಲೆ ಬಾಗಿಲಲ್ಲೇ ನಿಂತಿದ್ದ ಪಲ್ಜೋರನನ್ನು ಹತ್ತಿರ ಕರೆದು ಅವನಿಗೂ ಹೇಳಿದರು.

ಪಲ್ಜೋರ್ ಅದನ್ನು ಒಮ್ಮೆ ಬಾಯೊಳಗೆ ಹೇಳಿಕೊಂಡ. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮೇಮೆಯ ಮುಖ ನೋಡಿ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. ದಿನಾ ಬೆಳಿಗ್ಗೆ ಯೋಚನೆಯೇ ಇಲ್ಲದೆ ನಾನು ಹೇಳಿಕೊಳ್ಳುವ ಹೆಸರು ಅದು. ಅವನ ಬಾಯಲ್ಲಿ ಕೇಳಿದಾಗ ನನಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತೆ.